ಹೊಸದಾಗಿ ಬಂದವನ ಕೈಗೆ ಕೊಡುವ ಹಣ

ಕುರುಗೋಡಿನ ಕಡೆಯ ಒಬ್ಬ ಹಿರಿಯರು ಸಿರುಗುಪ್ಪದ ಬಸ್ಸಿನಲ್ಲಿ ನನ್ನ ಸಂಗಡ ಬರುತ್ತಾ ಒಂದು ಪ್ರಶ್ನೆ ಕೇಳಿದರು. "ಉಪದೇಶಿಗಳೇ, ಹೊಳೆಯ ಆಚೆ ಸಿಂಧನೂರು ಸೀಮೆಯಲ್ಲಿ ಬಂಗಾಳಿಯವರಿಗೆ ಸರಕಾರದವರು ಭೂಮಿಯನ್ನೂ ಸಹಾಯವನ್ನೂ ಕೊಟ್ಟು ಕ್ಯಾಂಪು ಕಟ್ಟಿಸಿದರು. ನಮ್ಮ ಎರೆಹೊಲದಲ್ಲಿ ಜೋಳ ಒಣಗಿದಾಗ ನಮ್ಮಪ್ಪನನ್ನು ಯಾರು ಕೇಳಿದರು? ಮನೆಯ ಮಕ್ಕಳು ಹಸಿದಿರುವಾಗ ದಾರಿಹೋಕನಿಗೆ ಬಡಿಸುವದು ನ್ಯಾಯವೋ?"

ಇದು ಹೊಟ್ಟೆಕಿಚ್ಚಿನ ಮಾತೆಂದು ತಳ್ಳಿಬಿಡಬಾರದು. ಕೊಟ್ಟ ಹಣದಲ್ಲಿ ಬಡವನ ಪಾಲೂ ಇತ್ತು. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಸುಮಾರು 1 ಕೋಟಿ ಜನರು ಓಡಿಬಂದಾಗ, ಆ ವರುಷದ ನವೆಂಬರದಿಂದ ಲಕೋಟೆಗಳ ಮೇಲೆ 5 ಪೈಸೆಯ ಹೆಚ್ಚಿನ ಅಂಚೆಚೀಟಿಯನ್ನು ಹಚ್ಚಬೇಕಾಯಿತು. ಬಳ್ಳಾರಿಯಿಂದ ಮಗಳ ಊರಿಗೆ ಲಕೋಟೆ ಬರೆದವನೂ ತಾನು ಕಾಣದ ನಿರಾಶ್ರಿತನಿಗೆ ಹೀಗೆ 5 ಪೈಸೆ ಕೊಟ್ಟನು. ಕೊಟ್ಟವನಿಗೆ ಕೇಳುವ ಹಕ್ಕುಂಟು.

ಆದಾಗ್ಯೂ ಇಬ್ಬರ ಬಡತನವೂ ಒಂದೇ ತರದ್ದಲ್ಲ. ಊರಿನ ಬಡವನಿಗೆ ಅಂಗಡಿಯಲ್ಲಿ ಉದ್ರಿ ಹುಟ್ಟುವದು, ಅಣ್ಣತಮ್ಮಂದಿರು ಇರುವರು, ಯಾವ ಒಕ್ಕಲಿಗನು ಕೂಲಿಗೆ ಕರೆಯುವನೆಂದು ಅವನು ಬಲ್ಲನು. ಹೊಸದಾಗಿ ಬಂದವನಿಗೆ ಭಾಷೆಯೂ ಬಾರದು, ಅವನನ್ನು ನಂಬುವವರೂ ಇಲ್ಲ. ಅವನ ಕೈಗೆ ಬರುವ ಹಣವು ಅವನು ಕಳಕೊಂಡ ನೆರೆಹೊರೆಗೆ ಬದಲಾಗಿರುವದೇ ಹೊರತು ಐಶ್ವರ್ಯವಲ್ಲ. ಒಬ್ಬನಿಗೆ ಕೊಟ್ಟದ್ದರಿಂದ ಇನ್ನೊಬ್ಬನ ಹಸಿವು ಸುಳ್ಳಾಗದು. ಹಿರಿಯರ ತಂದೆಗೆ ಸಿಕ್ಕದೆ ಹೋದದ್ದು ಅನ್ಯಾಯವೇ. ಆ ಅನ್ಯಾಯವನ್ನು ಬಂಗಾಳಿಯವನು ಮಾಡಲಿಲ್ಲ.

ಸುಮ್ಮನೆ ಕೊಟ್ಟ ಹಣವು ಮನುಷ್ಯನನ್ನು ಮೈಗಳ್ಳನನ್ನಾಗಿ ಮಾಡುವದೆಂದು ಹೇಳುವವರುಂಟು. ಈ ಮಾತನ್ನು ನಮ್ಮ ಜಿಲ್ಲೆಯ ಮೇಲೆಯೇ ಪರೀಕ್ಷಿಸಿದ್ದಾರೆ. 1876ರಿಂದ 1878ರ ವರೆಗಿನ ಧಾತು ಈಶ್ವರ ಬರದಲ್ಲಿ ಮದ್ರಾಸು ಪ್ರಾಂತದೊಳಗೆ ಬಹಳವಾಗಿ ನೊಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಹೆಚ್ಚು ಕೊಟ್ಟರೆ ಜನರು ಕೆಡುವರೆಂದು ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯು 1877ರ ಆರಂಭದಲ್ಲಿ ಪರಿಹಾರಕೆಲಸದ ಕೂಲಿಯನ್ನು ದಿನಕ್ಕೆ 1 ಪೌಂಡು ಧಾನ್ಯಕ್ಕೂ ಅಲ್ಪಸ್ವಲ್ಪ ಕಾಸಿಗೂ ಇಳಿಸಿದನು. ಪೌಂಡೆಂದರೆ ಅರ್ಧ ಕಿಲೋಗಿಂತಲೂ ಕಡಿಮೆ. ಅಷ್ಟರಿಂದ ದುಡಿಯುವವನ ದೇಹವು ನಿಲ್ಲದೆಂದು ಆ ಪ್ರಾಂತದ ಆರೋಗ್ಯಾಧಿಕಾರಿ ಕಾರ್ನಿಷರು ವಾದಿಸಿದರು. ಕೆಲವು ತಿಂಗಳಲ್ಲಿ ಕೂಲಿಯನ್ನು ಏರಿಸಬೇಕಾಯಿತು. ಅಷ್ಟರೊಳಗೆ ಸತ್ತವರು ಸತ್ತೇ ಹೋದರು. ಮೈಗಳ್ಳತನದ ಭಯಕ್ಕೆ ಬೆಲೆ ತೆತ್ತವರು ನಮ್ಮ ಹಿರಿಯರೇ. ಆ ವರುಷಗಳಲ್ಲಿ ಊರು ಬಿಟ್ಟು ಅಲೆದವರ ಮೊಮ್ಮಕ್ಕಳ ಮಕ್ಕಳು ನಮ್ಮ ಸಭೆಗಳಲ್ಲಿ ಎಷ್ಟು ಮಂದಿಯಿಲ್ಲ!

ನಾನೂ ಟೆಂಪಲನಂತೆ ನಡೆದೆನು. 2009ರ ಅಕ್ಟೋಬರದಲ್ಲಿ ತುಂಗಭದ್ರೆಯು ಉಕ್ಕಿ ಸಿರುಗುಪ್ಪದ ಹಳ್ಳಿಗಳಲ್ಲಿ ನುಗ್ಗಿದಾಗ ನಾನು ಹೊಸ ಉಪದೇಶಿ. ಸಭೆಯ ಹಣವು ನನ್ನ ವಶದಲ್ಲಿತ್ತು. ಗುರುತಿಲ್ಲದ ಒಂದು ಕುಟುಂಬವು ಬಂದು ಕೇಳಲಾಗಿ, ವಿಚಾರಿಸಿ ಕೊಡುವೆನೆಂದು ಹೇಳಿ ಐದು ದಿನ ವಿಚಾರಿಸಿದೆನು. ಗಂಡನು ಕುಡುಕನೋ, ನಿಜವಾಗಿ ಮನೆ ಬಿದ್ದಿತೋ ಎಂದು ಊರೆಲ್ಲಾ ಕೇಳಿದೆನು. ಆರನೆಯ ದಿನ ಹಣ ಹಿಡಿದು ಹೋದಾಗ ಅವರು ಹೊರಟುಹೋಗಿದ್ದರು. ಎಲ್ಲಿಗೆಂದು ಇಂದಿಗೂ ತಿಳಿಯದು. ಲೆಕ್ಕದ ಪುಸ್ತಕವೇನೋ ಸರಿಯಾಗಿಯೇ ಇತ್ತು.

ಆದರೆ ಎಷ್ಟು ಕಾಲ ಕೊಡಬೇಕು? ಇದೇ ಕಠಿಣವಾದ ಮಾತು. 1983ರಿಂದ ಲಂಕೆಯನ್ನು ಬಿಟ್ಟುಬಂದ ತಮಿಳರಿಗೆ ತಮಿಳುನಾಡಿನ ಸರಕಾರವು ತಿಂಗಳ ಹಣವನ್ನು ಕೊಡುತ್ತಾ ಬಂದಿತು. 2021ರಲ್ಲಿ ಕುಟುಂಬದ ಯಜಮಾನನಿಗೆ 1,000 ರೂಪಾಯಿ ಇದ್ದದ್ದನ್ನು 1,500ಕ್ಕೆ ಏರಿಸಲು ಪ್ರಕಟಿಸಿತು. ಅಷ್ಟರಲ್ಲಿ ಶಿಬಿರದಲ್ಲಿ ಹುಟ್ಟಿದವರೇ ತಂದೆತಾಯಿಗಳಾಗಿದ್ದರು. ಹಣ ಕೊಟ್ಟು, ನೆಲೆಯನ್ನು ಮಾತ್ರ ಕೊಡದಿದ್ದರೆ ಹೀಗಾಗುವದು. 1960ರಲ್ಲಿ ಬೈಲಕುಪ್ಪೆಗೆ ಬಂದ ಟಿಬೇಟಿನವರಿಗೂ ಸಿಂಧನೂರಿನವರಿಗೂ ಉಳುವ ನೆಲ ದೊರೆತದ್ದರಿಂದ ಅವರ ಕಥೆ ಬೇರೆಯಾಯಿತು.

ಇದನ್ನೆಲ್ಲಾ ಹಿರಿಯರಿಗೆ ಹೇಳಿ, ಮೊದಲನೆಯ ಬೆಳೆ ಮನೆಗೆ ಬರುವ ತನಕ ಕೊಟ್ಟರೆ ಸಾಕಲ್ಲವೇ ಎಂದೆನು. ಅವರು ಕಿಟಕಿಯಾಚೆ ಹತ್ತಿಯ ಹೊಲಗಳನ್ನು ನೋಡುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಮೊದಲನೇ ಬೆಳೆ ಕೈಕೊಡುತ್ತದೆ, ಉಪದೇಶಿಗಳೇ. ಎರಡನೇದರ ತನಕ ಅನ್ನಿರಿ" ಎಂದರು.