ನೋಡಿ ಕಲಿಯುವ ಜೀವ

ಶಿಕ್ಷಣ, ಉಪದೇಶಗಳನ್ನು ಮನಸ್ಸಿನಿಂದ ಗ್ರಹಿಸಬಲ್ಲ ಜೀವವೇ ಸಂಜ್ಞಿ ಎಂದು ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ನಿರೂಪಿಸಿದ್ದಾರೆ. ನಾಯಿಯೂ ಸಂಜ್ಞಿ ಪಂಚೇಂದ್ರಿಯ ಜೀವ. ಜೀವಂಧರ ಕುಮಾರನಿಂದ ಪಂಚನಮಸ್ಕಾರ ಮಂತ್ರವನ್ನಾಲಿಸಿ ಯಕ್ಷನಾಗಿ ಜನಿಸಿದ ನಾಯಿಯ ಕಥೆ ಶ್ರಾವಕರಿಗೆ ಹೊಸದಲ್ಲ. ಅದು ಕೇಳಿ ಉದ್ಧಾರವಾಯಿತು. ನಾಯಿ ನೋಡಿಯೂ ಕಲಿಯುತ್ತದೆ. ಬೇಲಿಯಾಚೆಗಿನ ವಸ್ತುವಿಗಾಗಿ ತಡವರಿಸುತ್ತಿದ್ದ ನಾಯಿಗಳು, ಮನುಷ್ಯನು ಬೇಲಿಯನ್ನು ಬಳಸಿ ನಡೆದುದನ್ನು ಕಂಡ ಮೇಲೆ ತಾವೂ ಬೇಗನೆ ದಾರಿ ಕಂಡುಕೊಂಡವೆಂದು ಹಂಗೇರಿಯ ವಿಜ್ಞಾನಿಗಳು 2001ರಲ್ಲಿ ಪ್ರಕಟಿಸಿದರು.

ನನಗೆ ಇದು 2013ರ ಬರಗಾಲದಲ್ಲಿ ಅಂಗಡಿಯ ಕಟ್ಟೆಯ ಮೇಲೆಯೇ ತಿಳಿಯಿತು. ಉದ್ರಿ ಕೇಳುವವರು ಬಂದರೆ ನಾನು ಮಾತಾಡದೆ ಹುಬ್ಬು ಗಂಟಿಕ್ಕುತ್ತಿದ್ದೆ. ಒಂದು ದಿನ ಮುದುಕಿಯೊಬ್ಬಳು ಮೆಟ್ಟಿಲೇರುವ ಮೊದಲೇ ನಮ್ಮ ನಾಯಿ ಗುರುಗುಟ್ಟಿತು. ಗದರಿದೆ. "ಅದಕ್ಯಾಕ ಬೈತೀರಿ ಸಾವಕಾರ್ರ? ಅದು ನಿಮ್ಮ ಮಾರಿ ನೋಡಿ ಕಲ್ತೈತಿ" ಎಂದಳು.

ಅಣುವ್ರತಿಯಾದ ನಾನು ಯಾರಿಗೂ ಕಟುವಾಗಿ ನುಡಿದವನಲ್ಲವೆಂಬ ಹೆಮ್ಮೆಯಿತ್ತು. ಆದರೆ ಹಿಂಸೆಯು ಕೃತ, ಕಾರಿತ, ಅನುಮತ ಎಂದು ಮೂರು ಬಗೆ. ಆ ಗುರುಗುಟ್ಟುವಿಕೆ ನಾಯಿಯ ದೋಷವೋ, ನನ್ನ ಕಾರಿತವೋ? ನಾನು ಆಜ್ಞೆ ಮಾಡಿರಲಿಲ್ಲ, ನಿಜ. ಆದರೂ ಕಾರಿತವೆಂದೇ ನನ್ನ ಅಭಿಪ್ರಾಯ. ಅದು ನನ್ನ ಖಾತೆಗೇ ಬೀಳತಕ್ಕದ್ದು.

ಆಕೆಗೆ ಜೋಳ ಅಳೆದು ಕೊಟ್ಟೆ. ನಾಯಿ ಮಾತ್ರ ಮಳೆ ಬೀಳುವವರೆಗೂ ಆಕೆಯನ್ನು ಕಂಡಾಗಲೆಲ್ಲ ಗುರುಗುಟ್ಟುವುದನ್ನು ಬಿಡಲಿಲ್ಲ.