ಕೆಡುಕನ್ನು ಹಾಡಿದರೆ ಪಾಪವೇ?

1982ರಲ್ಲಿ ಹೆವಿ ಮೆಟಲ್ ಸಂಗೀತ ತಂಡ ಐರನ್ ಮೇಡನ್‌ನ ‘ದಿ ನಂಬರ್ ಆಫ್ ದಿ ಬೀಸ್ಟ್’ ಆಲ್ಬಂ ಬಂದಾಗ ಅಮೆರಿಕದ ಕೆಲ ಕ್ರೈಸ್ತ ಗುಂಪುಗಳು ರೆಕಾರ್ಡುಗಳನ್ನು ಸುಟ್ಟವು. ಈ ಸಂಗೀತ ಸೈತಾನನ ಆರಾಧನೆ ಎಂಬುದು ಅವರ ಆರೋಪ.

ಆದರೆ ಆಲ್ಬಂನ ಅದೇ ಹೆಸರಿನ ಹಾಡು ಹುಟ್ಟಿದ್ದು ಭಯದಿಂದ. ‘ಡೇಮಿಯನ್: ಓಮೆನ್ 2’ ಸಿನಿಮಾ ನೋಡಿದ ತಂಡದ ಬಾಸ್ ವಾದಕ ಸ್ಟೀವ್ ಹ್ಯಾರಿಸ್‌ಗೆ ಕೆಟ್ಟ ಕನಸು ಬಿದ್ದಿತ್ತು. ಲಂಡನ್ನಿನ ಸ್ಟುಡಿಯೋದಲ್ಲಿ ನಿರ್ಮಾಪಕ ಮಾರ್ಟಿನ್ ಬರ್ಚ್ ಆರಂಭದ ಸಾಲುಗಳನ್ನೇ ಗಂಟೆಗಟ್ಟಲೆ ಹಾಡಿಸಿದಾಗ ಗಾಯಕ ಬ್ರೂಸ್ ಡಿಕಿನ್ಸನ್ ರೋಸಿಹೋದರು. ಆ ಸಿಟ್ಟೇ ಹಾಡಿನ ಪ್ರಸಿದ್ಧ ಚೀತ್ಕಾರವಾಗಿ ಹೊಮ್ಮಿತು. ಏಪ್ರಿಲ್‌ನಲ್ಲಿ ಈ ಹಾಡು ಸಿಂಗಲ್ ಆಗಿ ಹೊರಬಂದು, ಬ್ರಿಟನ್ನಿನ ಪಟ್ಟಿಯಲ್ಲಿ 18ನೇ ಸ್ಥಾನಕ್ಕೇರಿತು.

ಹಾಡಿಗೆ ಮುನ್ನ ಕೇಳಿಸುವುದು ಬೈಬಲ್ಲಿನ ‘ಪ್ರಕಟನೆ’ ಗ್ರಂಥದ ಮಾತು; ಶೀರ್ಷಿಕೆ ಸೂಚಿಸುವ 666 ಎಂಬ ಸಂಖ್ಯೆಯೂ ಅಲ್ಲಿಯದೇ.

ಯಕ್ಷಗಾನದಲ್ಲಿ ಮಹಿಷಾಸುರನಾಗಿ ಅಬ್ಬರಿಸುವ ಕಲಾವಿದನನ್ನು ಯಾರೂ ಅಸುರಭಕ್ತನೆನ್ನುವುದಿಲ್ಲ. ಕೆಡುಕನ್ನು ಚಿತ್ರಿಸುವುದೇ ಬೇರೆ, ಅದಕ್ಕೆ ಶರಣಾಗುವುದೇ ಬೇರೆ. ರೆಕಾರ್ಡು ಸುಟ್ಟವರು ಈ ವ್ಯತ್ಯಾಸ ಗುರುತಿಸಲಿಲ್ಲ. ಅವರ ತೀರ್ಪು ತಪ್ಪಾಗಿತ್ತು.