ಶಾಸನದ ಅನುಮತಿಯೂ ಶ್ರಾವಕನ ವ್ರತವೂ

ಕೆನಡಾ ದೇಶವು 2018ರಲ್ಲಿ ವಯಸ್ಕರ ಗಾಂಜಾ ಸೇವನೆಯನ್ನು ಶಾಸನಸಮ್ಮತಗೊಳಿಸಿತು. ಭಾರತದ 1985ರ ಮಾದಕದ್ರವ್ಯ ಕಾಯಿದೆಯು ಆ ಗಿಡದ ಹೂತೆನೆಯಾದ ಗಾಂಜಾವನ್ನು ನಿಷೇಧಿಸಿ, ಬರಿಯ ಎಲೆಯಾದ ಭಂಗಿಯನ್ನು ಆ ನಿಷೇಧದಿಂದ ಹೊರಗಿರಿಸಿದೆ. ಹಾಗಾದರೆ ಶಾಸನವು ಬಿಟ್ಟದ್ದೆಲ್ಲ ಶ್ರಾವಕನಿಗೆ ಸೇವ್ಯವೇ?

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಮದ್ಯತ್ಯಾಗಕ್ಕೆ ಪ್ರಮಾದಪರಿಹಾರವನ್ನೇ ಕಾರಣವಾಗಿ ಹೇಳಿರುತ್ತಾರೆ. ಎಚ್ಚರ ತಪ್ಪಿದವನಲ್ಲಿ ಅಹಿಂಸೆ ನಿಲ್ಲದು. ಅಮಲು ಬಟ್ಟಲಿನಿಂದ ಬಂದರೇನು, ಹೂವಿನಿಂದ ಬಂದರೇನು, ಎಲೆಯಿಂದ ಬಂದರೇನು? ವ್ರತಿಗೆ ಎಲ್ಲವೂ ತ್ಯಾಜ್ಯ.

ಆದರೆ ಸೇದಿದವನನ್ನು ಸೆರೆಗೆ ನೂಕಬೇಕೆಂಬ ಹಟವು ವ್ರತದ ಅಂಗವಲ್ಲ. ಸೆರೆಮನೆಯೇ ಯುವಕನ ಬಾಳನ್ನು ಹೆಚ್ಚು ಕೆಡಿಸೀತೆಂಬ ವಾದದಲ್ಲಿ ಕರುಣೆಯುಂಟು; ಅದನ್ನು ಆಲಿಸಬೇಕು. ದಂಡದ ಭಯದಿಂದ ಬಿಟ್ಟದ್ದು ತ್ಯಾಗವೆನಿಸದು. ದಂಡವು ತೊಲಗಿದ ದಿನವೂ ಉಳಿಯುವುದೇ ವ್ರತ.